ನೋವು ಎಂದರೆ ಹತ್ತು ಬಸ್ಕಿ

ನನ್ನ ಬದುಕಿನ ಅತ್ಯಂತ ವೇಗದ ಹತ್ತು ಕಿಲೋಮೀಟರನ್ನು ನಾನು ಓಡಿದ್ದು, ಕ್ಷಯರೋಗ ನನ್ನ ಬೆನ್ನುಮೂಳೆಯನ್ನು ತಿನ್ನುತ್ತಿದ್ದ ದಿನಗಳಲ್ಲಿ. ಇದನ್ನು ಹೇಳಿದಾಗ ಕೆಲವರು "ಅಯ್ಯೋ ಪಾಪ" ಎನ್ನುತ್ತಾರೆ. ಉಳಿದವರು ಕಣ್ಣರಳಿಸಿ, "ಎಂಥಾ ವಿಲ್ ಪವರ್ ರೀ ನಿಮ್ದು!" ಎನ್ನುತ್ತಾರೆ. ಈ ಎರಡನೇ ಜಾತಿಯವರ ಬಾಯಿ ಮುಚ್ಚಿಸಲೆಂದೇ ಬರೆಯಲು ಕುಳಿತೆ ಅಂದುಕೊಂಡರೂ ತಪ್ಪಿಲ್ಲ. ಆದರೆ ಬರೆಯುತ್ತಿರುವುದು ಅವರಿಗಾಗಿ ಅಲ್ಲ. ಇವತ್ತು ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ನೋವನ್ನು ನೋವು ಎನ್ನಲು ನಾಚಿಕೊಳ್ಳುತ್ತಿರುವ ಒಬ್ಬರಾದರೂ ಇದನ್ನು ಓದಲಿ ಎಂಬ ಆಸೆ ನನಗೆ.

ಅದು ವಿಲ್ ಪವರ್ ಅಲ್ಲ ಸ್ವಾಮಿ, ತೂಕ. ಮೂರು ನಾಲ್ಕು ತಿಂಗಳಲ್ಲಿ ರೋಗ ನನ್ನ ಮೈಯಿಂದ ಏಳು ಕಿಲೋ ಕಿತ್ತುಕೊಂಡಿತ್ತು. ಏಳು ಕಿಲೋ ಅಕ್ಕಿಯ ಚೀಲ ಇಳಿಸಿಟ್ಟು ಓಡಿದರೆ ಯಾರು ಬೇಕಾದರೂ ಬೇಗ ಓಡುತ್ತಾರೆ. ಇಷ್ಟು ಸರಳ ಲೆಕ್ಕ ನಮ್ಮ ಓಟದ ಗುಂಪಿನ ಒಬ್ಬರಿಗೂ ಹೊಳೆಯಲಿಲ್ಲ. ಅದರಲ್ಲಿ ಎಂಜಿನಿಯರುಗಳಿದ್ದರು, ಒಬ್ಬ ಹಲ್ಲಿನ ಡಾಕ್ಟರಿದ್ದರು, ಹದಿನಾರು ವರ್ಷದಿಂದ ಮತ್ತಿಕೆರೆಯ ಹೈಸ್ಕೂಲೊಂದರಲ್ಲಿ ಪಿ.ಟಿ. ಮಿಸ್ ಆಗಿದ್ದ ನಾನೂ ಇದ್ದೆ.

ನನ್ನ ಹೆಸರು ಭಾಗ್ಯ. ತವರು ಅಬ್ಬಿಗೆರೆ. ನಮ್ಮ ಹೊಲಗಳೆಲ್ಲ ಸೈಟುಗಳಾಗಿ, ಸೈಟುಗಳೆಲ್ಲ ಮೂರು ಅಂತಸ್ತಿನ ಬಾಡಿಗೆ ಮನೆಗಳಾಗಿ ಎಷ್ಟೋ ಕಾಲವಾಯಿತು. ನಮ್ಮವ್ವ ಮಾತ್ರ ಇನ್ನೂ ಬೆಳಿಗ್ಗೆ ಎದ್ದ ಕೂಡಲೇ ಆಕಾಶ ನೋಡಿ, ಈ ಸಲ ಏನೂ ಬೆಳೆಯೋದಿಲ್ಲ ಎಂದು ಷರಾ ಬರೆಯುತ್ತಾಳೆ. ಹೊಲವೇ ಇಲ್ಲದಿದ್ದರೂ ಬೆಳೆ ಹಾಳಾಗುತ್ತದೆಂದು ಹೆದರುವ ಹೆಂಗಸು. ಮದುವೆಯಾಗಿ ಮತ್ತಿಕೆರೆಗೆ ಬಂದಾಗ, ಆ ಬಾಯಿಯಿಂದ ದೂರವಾದೆನಲ್ಲ ಎಂದು ನನಗೆ ಖುಷಿಯಾಗಿತ್ತು.

ಓಟದ ಗುಂಪಿಗೆ ಸೇರಿದ್ದು ಮೂವತ್ತೇಳನೇ ವಯಸ್ಸಿನಲ್ಲಿ. ಹೆಬ್ಬಾಳ ಕೆರೆಯ ಹತ್ತಿರ ಬೆಳಿಗ್ಗೆ ಐದೂವರೆಗೆ ಇಪ್ಪತ್ತೆರಡು ಜನ ಸೇರುತ್ತಿದ್ದೆವು. ನಮ್ಮ ಕೋಚ್ ಚೇತನ್, ನನಗಿಂತ ಐದು ವರ್ಷ ಚಿಕ್ಕವನು. ಮೊದಲು ನೀರು ಶುದ್ಧ ಮಾಡುವ ಯಂತ್ರ ಮಾರುತ್ತಿದ್ದ, ಆಮೇಲೆ ಆಶಾವಾದ ಮಾರಲು ಶುರುಮಾಡಿದ. ಎರಡು ವ್ಯಾಪಾರಕ್ಕೂ ಹೆಚ್ಚು ವ್ಯತ್ಯಾಸವಿಲ್ಲ, ನಿಮ್ಮ ಮನೆಯ ನೀರು ಕೊಳಕು ಎಂದು ಮೊದಲು ನಂಬಿಸಬೇಕು. ಓಟಕ್ಕೆ ಕಾಲು ಇಪ್ಪತ್ತು ಪರ್ಸೆಂಟು, ಮನಸ್ಸು ಎಂಬತ್ತು ಪರ್ಸೆಂಟು ಎಂದು ಅವನು ಹೇಳುತ್ತಿದ್ದ. ಈ ಲೆಕ್ಕ ಎಲ್ಲಿಂದ ಬಂತು ಎಂದು ನಾವ್ಯಾರೂ ಕೇಳಲಿಲ್ಲ. ಕೇಳಿದರೆ ನೆಗೆಟಿವ್ ಆಗುತ್ತಿದ್ದೆವು.

ಅವನದೊಂದು ಪದ್ಧತಿ ಇತ್ತು. ಓಡುವ ಮೊದಲು ಎಲ್ಲರೂ ವೃತ್ತವಾಗಿ ನಿಂತು ಒಬ್ಬೊಬ್ಬರೂ ತಮ್ಮ ಬಗ್ಗೆ ಒಂದು ಮಾತು ಹೇಳಬೇಕು. ನೋವು, ಸುಸ್ತು, ಭಯ, ಆಗಲ್ಲ, ಈ ನಾಲ್ಕರಲ್ಲಿ ಯಾವ ಪದ ಬಾಯಿಂದ ಬಂದರೂ ಹತ್ತು ಬಸ್ಕಿ. ಶಿಕ್ಷೆ ಹೇಳಿದವರಿಗಲ್ಲ, ಮಿಕ್ಕ ಇಪ್ಪತ್ತೊಂದು ಜನಕ್ಕೆ. ಹೇಳಿದವರು ನಡುವೆ ನಿಂತು ನೋಡಬೇಕು. ನೆಗೆಟಿವಿಟಿ ಅಂಟುಜಾಡ್ಯ, ಒಬ್ಬರಿಂದ ಎಲ್ಲರಿಗೂ ಹೇಗೆ ತೊಂದರೆಯಾಗುತ್ತದೆ ಎಂದು ತೋರಿಸುವುದಕ್ಕಂತೆ ಇದು. ಒಂದು ಸಲ ಗೋಪಾಲರಾಯರು, ಬ್ಯಾಂಕಿನಿಂದ ನಿವೃತ್ತರಾದವರು, ಬಾಯಿ ತಪ್ಪಿ ಮಂಡಿನೋವು ಎಂದರು. ನಾವೆಲ್ಲ ಹತ್ತು ಬಸ್ಕಿ ಹೊಡೆಯುವವರೆಗೂ ಆ ಹಿರಿಯರು ವೃತ್ತದ ಮಧ್ಯೆ ಕೈ ಮುಗಿದುಕೊಂಡು, "ಸಾರಿ, ಸಾರಿ" ಎನ್ನುತ್ತ ನಿಂತಿದ್ದರು. ನಾನು ಬಸ್ಕಿ ಹೊಡೆಯುತ್ತಲೇ ಮನಸ್ಸಿನಲ್ಲಿ ಅವರಿಗೆ ಬೈದೆ. ನೋವಿಗೆ ಬದಲು 'ಫೀಡ್‌ಬ್ಯಾಕ್' ಎನ್ನಬಹುದಿತ್ತು. "ಮಂಡಿಯಲ್ಲಿ ಸ್ವಲ್ಪ ಫೀಡ್‌ಬ್ಯಾಕ್ ಬರ್ತಿದೆ ಕೋಚ್" ಎಂದರೆ ಚಪ್ಪಾಳೆ. ಮಾರನೇ ದಿನದಿಂದ ಗೋಪಾಲರಾಯರೂ ಫೀಡ್‌ಬ್ಯಾಕ್ ಎನ್ನಲು ಕಲಿತರು.

ನನಗೆ ಫೀಡ್‌ಬ್ಯಾಕ್ ಶುರುವಾದದ್ದು ಒಂದು ಚಳಿಗಾಲದಲ್ಲಿ. ಬೆನ್ನಿನ ನಡುವೆ, ಕೈ ಹಿಂದಕ್ಕೆ ಹಾಕಿದರೆ ಸರಿಯಾಗಿ ಮುಟ್ಟಲಾಗದ ಜಾಗದಲ್ಲಿ. ಓಡುವಾಗ ಅಷ್ಟಿರುತ್ತಿರಲಿಲ್ಲ, ಮಲಗಿದರೆ ಜಾಸ್ತಿ. ಸಂಜೆ ಹೊತ್ತು ಮೈ ಬೆಚ್ಚಗಾಗುತ್ತಿತ್ತು. ಬೆಳಿಗ್ಗೆ ಏಳುವಷ್ಟರಲ್ಲಿ ನೈಟಿ ಒದ್ದೆಯಾಗಿರುತ್ತಿತ್ತು. ಇದನ್ನು ಚೇತನ್‌ಗೆ ಹೇಳಿದೆ, ಬಸ್ಕಿ ಬೀಳದ ಭಾಷೆಯಲ್ಲಿ.

"ಸೂಪರ್ ಮೇಡಂ! ನಿಮ್ಮ ಬಾಡಿ ರಾತ್ರಿನೂ ಕೊಬ್ಬು ಕರಗಿಸ್ತಿದೆ. ಬೆವರು ಅಂದ್ರೆ ಏನು? ಕೊಬ್ಬು ಅಳೋದು!" ಎಂದ.

ಯಾವುದೋ ವಾಟ್ಸ್ಯಾಪ್ ಫಾರ್ವರ್ಡಿನಿಂದ ಎತ್ತಿದ ಮಾತು. ನಾನು ಅದನ್ನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಸ್ಟಾಫ್ ರೂಮಿನಲ್ಲಿ ಇತರ ಮಿಸ್‌ಗಳಿಗೂ ಹೇಳಿದೆ. ಅವರು ನನ್ನ ಸಡಿಲವಾದ ಬ್ಲೌಸು ನೋಡಿ ಡಯಟ್ ಏನು ಎಂದು ಬರೆದುಕೊಳ್ಳುತ್ತಿದ್ದರು. ಕ್ಷಯರೋಗದ ಡಯಟ್ಟು! ಅದನ್ನು ಪಾಲಿಸಿದ ಇಬ್ಬರು ಗಣಿತದ ಮಿಸ್‌ಗಳು ಒಂದು ಕಿಲೋ ಕೂಡ ಇಳಿಯಲಿಲ್ಲ ಎಂಬುದು ನನ್ನ ಪುಣ್ಯ.

ಒಬ್ಬಳಿಗೆ ಮಾತ್ರ ಖುಷಿಯಾಗಲಿಲ್ಲ. ನಮ್ಮವ್ವ ಹಬ್ಬಕ್ಕೆಂದು ಬಂದವಳು, ಬಾಗಿಲಲ್ಲೇ ನಿಂತು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

"ಏನವ್ವಾ ಇಂಗಾಗ್ಬುಟ್ಟಿದೀಯಾ?"

"ಕೊಬ್ಬು ಕರಗಿದೆ ಕಣವ್ವ. ಓಡ್ತೀನಲ್ಲ."

"ಇದು ಕರಗಾದಲ್ಲ, ಸೊರಗಾದು. ಕರಗ್ದೋರ್ ಮಕ ಒಳೀತದೆ. ನಿನ್ ಮಕ ನೋಡ್ಕಂಡಿದೀಯಾ? ಡಾಕ್ಟ್ರತ್ರ ಓಗು."

"ಬಂದ ಗಳಿಗೇಲೇ ಶುರು ಹಚ್ಕೋಬೇಡ. ನೀನು ಬರೀ ನೆಗೆಟಿವ್" ಎಂದೆ. ನೆಗೆಟಿವ್ ಎಂದರೆ ಏನು ಎಂದು ಅವಳು ಕೇಳಲಿಲ್ಲ. ಬಯ್ಗುಳವೆಂದು ಗೊತ್ತಾಗಿ ಅಡಿಗೆಮನೆಗೆ ಹೋದಳು.

ಅವಳ ಕಾಟಕ್ಕೆ ಒಬ್ಬ ಮೂಳೆ ಡಾಕ್ಟರ ಹತ್ತಿರ ಹೋದೆ. ಯಶವಂತಪುರದ ಕಡೆಯ ಸಣ್ಣ ಕ್ಲಿನಿಕ್ಕು. ನೋವು ಹತ್ತಕ್ಕೆ ಎಷ್ಟಿದೆ ಎಂದು ಅವರು ಕೇಳಿದರು. ಒಂದು ವರ್ಷ ದಿನಾ ಬೆಳಿಗ್ಗೆ ವೃತ್ತದಲ್ಲಿ ನಿಂತ ಬಾಯಿ ಇದು. ನಗುತ್ತ, "ಎರಡು ಡಾಕ್ಟ್ರೇ" ಎಂದೆ. ಅವರು ಬೆನ್ನು ಒತ್ತಿದಾಗ ಕಣ್ಣು ಕತ್ತಲೆ ಕಟ್ಟಿತು, ಆದರೂ ನಗು ಬಿಡಲಿಲ್ಲ. ಜ್ವರ ಬರುತ್ತದೆಯೇ ಎಂದರು, ಇಲ್ಲ ಎಂದೆ. ಸಂಜೆಯ ಮೈಬಿಸಿಯನ್ನು ನಾನು ಜ್ವರದ ಪಟ್ಟಿಗೆ ಸೇರಿಸಿಯೇ ಇರಲಿಲ್ಲ. ತೂಕ ಇಳಿದಿದೆಯೇ ಎಂದರು. ಇಳಿಸಿದ್ದೇನೆ ಎಂದು ಹೆಮ್ಮೆಯಿಂದ ಹೇಳಿದೆ. ಸ್ನಾಯು ಹಿಡಿದಿರಬಹುದು ಎಂದು ಮುಲಾಮು ಬರೆದುಕೊಟ್ಟರು, ಕಡಿಮೆಯಾಗದಿದ್ದರೆ ಹದಿನೈದು ದಿನ ಬಿಟ್ಟು ಬನ್ನಿ ಎಂದರು. ಕಡಿಮೆಯಾಗಲಿಲ್ಲ, ನಾನು ಹೋಗಲೂ ಇಲ್ಲ. ಆ ಡಾಕ್ಟರನ್ನು ಬೈಯುವವರಿದ್ದಾರೆ, ನಾನು ಬೈಯುವುದಿಲ್ಲ. ನಾನೇ ತಿಪ್ಪೆ ಸಾರಿಸಿ ರಂಗೋಲಿ ಹಾಕಿ ತೋರಿಸಿದ್ದೆ.

ಅದಾದ ತಿಂಗಳಿಗೆ ಆ ಹತ್ತು ಕಿಲೋಮೀಟರಿನ ಓಟ. ನನ್ನ ಹಳೆಯ ಸಮಯಕ್ಕಿಂತ ನಾಲ್ಕು ನಿಮಿಷ ಮೊದಲೇ ಮುಗಿಸಿದೆ. ಚೇತನ್ ನನ್ನ ಫೋಟೋ ಹಾಕಿ ಪೋಸ್ಟರ್ ಮಾಡಿಸಿದ. ಅದರಲ್ಲಿ ಕೆನ್ನೆ ಒಳಗೆ ಹೋಗಿ, ಕತ್ತಿನ ಮೂಳೆಗಳೆಲ್ಲ ಎದ್ದು ಕಾಣುತ್ತಿದ್ದ ನಾನು ಹಲ್ಲು ಕಿರಿದು ನಿಂತಿದ್ದೆ. ಕೆಳಗೆ ದೊಡ್ಡ ಅಕ್ಷರದಲ್ಲಿ, ಮನಸ್ಸು ಗೆದ್ದರೆ ದೇಹ ಗೆದ್ದಂತೆ. ಈಗಲೂ ಆ ಪೋಸ್ಟರು ನನ್ನ ಫೋನಿನಲ್ಲಿದೆ. ಡಾಕ್ಟರಿಕೆ ಓದುವ ಮಕ್ಕಳಿಗೆ ತೋರಿಸಿದರೆ, ನೋಡಿದ ಕೂಡಲೇ ರೋಗದ ಹೆಸರು ಹೇಳುತ್ತಾರೆ.

ಆಶಾವಾದಕ್ಕೂ ಓಟಕ್ಕೂ ಸಂಬಂಧವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಒಂಬತ್ತನೇ ಕಿಲೋಮೀಟರಿನಲ್ಲಿ ಉಸಿರು ಸಿಕ್ಕಿಕೊಂಡಾಗ, ಇನ್ನೊಂದೇ ಒಂದು ಎಂದುಕೊಂಡರೆ ಕಾಲು ಮುಂದೆ ಬರುತ್ತದೆ. ಅದು ನಿಜ, ನಾನೇ ಕಂಡಿದ್ದೇನೆ. ಆದರೆ ಅದು ಒಂದು ಕಿಲೋಮೀಟರಿನ ಔಷಧ. ಅದನ್ನೇ ಮೂರು ಹೊತ್ತು ಊಟದಂತೆ ಬಡಿಸುವವರನ್ನು ಕಂಡರೆ ನಾನೀಗ ಎಲೆ ಮಡಚಿ ಏಳುತ್ತೇನೆ.

ಓಟವಾದ ಮೇಲೆ ಎಡಗಾಲು ಶಬ್ದ ಮಾಡತೊಡಗಿತು. ನಡೆದರೆ ಪಾದ ಪಟ್ ಪಟ್ ಎಂದು ನೆಲಕ್ಕೆ ಬಡಿಯುತ್ತಿತ್ತು. ಶೂ ಸರಿಯಿಲ್ಲ ಎಂದುಕೊಂಡು ಹೊಸ ಶೂ ತಂದೆ. ಹೊಸ ಶೂ ಇನ್ನೂ ಜೋರಾಗಿ ಬಡಿಯಿತು. ಒಂದು ಸೋಮವಾರ ಪ್ರಾರ್ಥನೆಯ ಹೊತ್ತಿಗೆ, ಪೀಪಿ ಬಾಯಲ್ಲಿಟ್ಟುಕೊಂಡು ಶಾಲೆಯ ಮೆಟ್ಟಿಲು ಇಳಿಯುವಾಗ ಎಡಗಾಲು ಇದೆಯೆಂದು ಇಟ್ಟೆ, ಅದು ಇರಲಿಲ್ಲ. ಆರು ಮೆಟ್ಟಿಲು ಉರುಳಿದೆ. ಇಡೀ ಶಾಲೆ ಸಾಲಾಗಿ ನಿಂತು ನೋಡುತ್ತಿತ್ತು. ಬಿದ್ದವಳು ಮೊದಲು ಮಾಡಿದ ಕೆಲಸವೆಂದರೆ ಮಕ್ಕಳ ಕಡೆ ಹೆಬ್ಬೆರಳು ಎತ್ತಿ ತೋರಿಸಿದ್ದು.

ಆಮೇಲಿನ ಆಸ್ಪತ್ರೆ ಹೆಬ್ಬಾಳದ ಕಡೆಯದು, ದೊಡ್ಡದು. ನನ್ನ ಗಂಡ ರವಿ ಕಾರ್ಖಾನೆಗೆ ರಜೆ ಹಾಕಿ ಬಂದರು. ಯಾರೂ ಕರೆಯದಿದ್ದರೂ ಅವ್ವ ಅಬ್ಬಿಗೆರೆಯಿಂದ ಬಂದು ಆಟೋದಲ್ಲಿ ನಮಗಿಂತ ಮೊದಲು ಕೂತಳು. ಅಲ್ಲಿ ಟೋಕನ್ ಹಿಡಿದು ಮೂರು ಗಂಟೆ ಕಾದೆವು. ಎದುರಿನ ಗೋಡೆಯ ಮೇಲೆ ಸೂರ್ಯೋದಯದ ಚಿತ್ರ, ಅದರಡಿ 'ನಗುವೇ ಅತ್ಯುತ್ತಮ ಔಷಧ' ಎಂಬ ಬರಹ. ಹಾಗಿದ್ದರೆ ಕೆಳಗೆ ಔಷಧದ ಅಂಗಡಿಯ ಮುಂದೆ ಅಷ್ಟುದ್ದ ಸಾಲು ಯಾಕಿತ್ತೋ ಕಾಣೆ.

ನನ್ನ ಪಕ್ಕ ಒಬ್ಬ ಹೆಂಗಸು ಎರಡು ನಿಮಿಷಕ್ಕೊಮ್ಮೆ, "ಯಾ ಅಲ್ಲಾ" ಎಂದು ನರಳುತ್ತಿದ್ದರು. ಆರ್.ಟಿ. ನಗರದ ನಸೀಮಾ ಎಂದು ಆಮೇಲೆ ಗೊತ್ತಾಯಿತು, ಸೊಂಟದ ಡಿಸ್ಕ್ ಜಾರಿತ್ತಂತೆ. ನನಗೆ ಸಿಟ್ಟು ಬರುತ್ತಿತ್ತು. ಇಷ್ಟು ಜನರ ನಡುವೆ ಹೀಗೆ ನರಳುವುದೇ ಎಂದು ಮುಖ ತಿರುಗಿಸಿದೆ. ಅವರೇ ಮಾತಾಡಿಸಿದರು.

"ಬಹುತ್ ನೋಯ್ತದಾ ಅಮ್ಮಾ ನಿಮ್ಗೆ?"

"ಸ್ವಲ್ಪ ಅಷ್ಟೇ."

"ಸ್ವಲ್ಪ ಅಂತೀರಾ, ಬೆಂಚು ಹೆಂಗೆ ಹಿಡ್ಕೊಂಡಿದೀರಾ ನೋಡಿ. ಬೆರಳು ಬೆಳ್ಳಗಾಗಿದೆ. ನರಳ್ರೀ, ಏನಾಗಲ್ಲ. ಮನೇಲಿ ನರಳಿದ್ರೆ ಸೊಸೆ ಬೈತಾಳೆ, ಇಲ್ಲಿ ಯಾರು ಬೈತಾರೆ? ಆಸ್ಪತ್ರೆ ಇರೋದು ಯಾಕೆ ಮತ್ತೆ?"

ನಾನು ನಕ್ಕೆ. ನಗುವಾಗ ಬೆನ್ನಿನಲ್ಲಿ ಏನೋ ಹಿಡಿದುಕೊಂಡಿತು, ಬಾಯಿಂದ "ಅಯ್ಯೋ ಅಮ್ಮಾ" ಎಂದು ದೊಡ್ಡದಾಗಿ ಹೊರಟುಹೋಯಿತು. ಒಂದು ವರ್ಷದಲ್ಲಿ ಮೊದಲ ಸಲ. ಯಾರೂ ಎದ್ದು ಬಸ್ಕಿ ಹೊಡೆಯಲಿಲ್ಲ. ನಸೀಮಾ ತಮ್ಮ ಚೀಲದಿಂದ ಒಂದು ಸಣ್ಣ ದಿಂಬು ತೆಗೆದು ನನ್ನ ಬೆನ್ನ ಹಿಂದೆ ಇಟ್ಟರು. ಅವರಿಗೂ ಅದು ಬೇಕಿತ್ತು, ಬೇಡ ಎಂದರೂ ಕೇಳಲಿಲ್ಲ.

ನರರೋಗದ ಡಾಕ್ಟರಮ್ಮ ವಯಸ್ಸಾದವರು, ಮುಖದಲ್ಲಿ ನಗು ಸುಳಿಯದ ಹೆಂಗಸು. ಎಷ್ಟು ದಿನದಿಂದ ಇದೆ ಎಂದು ಕೇಳಿದರು. "ಬೆನ್ನಲ್ಲಿ ಸ್ವಲ್ಪ ಫೀಡ್‌ಬ್ಯಾಕ್ ಇದೆ ಡಾಕ್ಟ್ರೇ" ಎಂದು ನಾನು ಶುರುಮಾಡಿದೆ. ಅವರು ಪೆನ್ನು ಕೆಳಗಿಟ್ಟು ಅವ್ವನ ಕಡೆ ತಿರುಗಿದರು.

"ನೀವು ಹೇಳಿಮ್ಮಾ."

ಅವ್ವ ಕಾಯುತ್ತಿದ್ದವಳಂತೆ ಶುರುಮಾಡಿದಳು. "ಬಚ್ಲಲ್ಲಿ ಚೆಂಬೆತ್ತಕ್ಕಾಗಕಿಲ್ಲ ಇವ್ಳ್ಗೆ. ನಾಕ್ ತಿಂಗ್ಳಿಂದ ಮಗ್ಗುಲಾಗಿ, ಮಂಚ ಇಡ್ಕಂಡ್ ಏಳ್ತಾಳೆ. ಸಂಜೆ ಆಯ್ತಂದ್ರೆ ಮೈ ಕಾವಲಿ ಆಯ್ತದೆ. ಒಂದ್ ಮುದ್ದೆ ಉಣ್ತಿದ್ದೋಳು ಅರ್ಧ ಮುದ್ದೆ ಬಿಡ್ತಾಳೆ. ಕಾಲ್ ಎಳೀತಾಳೆ. ಕೇಳುದ್ರೆ ಅಲ್ ಕಿರೀತಾಳೆ."

ಒಂದು ಹಬ್ಬಕ್ಕೆ, ಆಮೇಲೆ ಎರಡು ಸಲ ಬಂದುಹೋದವಳು ಇಷ್ಟನ್ನೆಲ್ಲ ನೋಡಿದ್ದಳು. ದಿನಾ ಜೊತೆಗಿದ್ದ ರವಿ ನೆಲ ನೋಡುತ್ತ ಕೂತಿದ್ದರು.

ಎಂ.ಆರ್.ಐ. ಆಯಿತು. ಸೂಜಿ ಹಾಕಿ ಮೂಳೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೂ ಆಯಿತು. ಪರದೆಯ ಮೇಲೆ ನನ್ನ ಬೆನ್ನುಮೂಳೆಯನ್ನು ತೋರಿಸಿದರು. ಎರಡು ಮೂಳೆಗಳು ಇಲಿ ಕಚ್ಚಿದ ಕೊಬ್ಬರಿಯ ಹಾಗಿದ್ದವು. ಪಕ್ಕದಲ್ಲಿ ಕೀವು ತುಂಬಿ ನರವನ್ನು ಒತ್ತುತ್ತಿತ್ತು. ಬೆನ್ನುಮೂಳೆಯ ಕ್ಷಯ ಎಂದರು. ಟಿಬಿ ಎಂದರೆ ಕೆಮ್ಮು ಎಂದು ಮಾತ್ರ ತಿಳಿದಿದ್ದ ನನಗೆ, ಒಂದು ದಿನವೂ ಕೆಮ್ಮದ ನನಗೆ, ಇದು ಬೇರೆ ಯಾರದೋ ರಿಪೋರ್ಟು ಅನ್ನಿಸಿತು.

"ನಡೀತೀನಾ ಡಾಕ್ಟ್ರೇ?"

"ಈಗಲೇ ಹೇಳಕ್ಕಾಗಲ್ಲ. ಮೂರು ತಿಂಗಳು ಮಲಗೇ ಇರ್ಬೇಕು, ಮಾತ್ರೆ ಒಂದೂವರೆ ವರ್ಷ. ಕಾಲಿನ ಶಕ್ತಿ ಇನ್ನೂ ಇಳಿದ್ರೆ ಆಪರೇಷನ್. ವಾಪಸ್ ಬರಬಹುದು, ಬರದೇನೂ ಇರಬಹುದು."

ರವಿಗೆ ಸುಮ್ಮನಿರಲಾಗಲಿಲ್ಲ. "ಅವಳು ಸ್ಪೋರ್ಟ್ಸ್ ಪರ್ಸನ್ ಡಾಕ್ಟ್ರೇ. ತುಂಬಾ ಪಾಸಿಟಿವ್. ಅದು ಹೆಲ್ಪ್ ಆಗುತ್ತಲ್ವಾ?"

"ಈ ಮಾತ್ರೆಗೆ ನಂಬಿಕೆ ಬೇಕಾಗಿಲ್ಲ" ಎಂದರು ಡಾಕ್ಟರಮ್ಮ. "ಬೈಕೊಂಡು ನುಂಗಿದ್ರೂ ಕೆಲಸ ಮಾಡುತ್ತೆ. ಒಂದು ದಿನಾನೂ ತಪ್ಪಿಸಬಾರದು, ಅಷ್ಟೇ."

ಆ ವರ್ಷ ನಾನು ಕೇಳಿದ ಅತ್ಯಂತ ಕರುಣೆಯ ಮಾತು ಅದು. ನಾನು ಧೈರ್ಯವಾಗಿರಬೇಕಿರಲಿಲ್ಲ, ನಗಬೇಕಿರಲಿಲ್ಲ, ಗೆಲ್ಲಬೇಕಿರಲಿಲ್ಲ, ನುಂಗಿದ್ದರೆ ಸಾಕಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲೇ ಅತ್ತೆ.

ಮೂರು ತಿಂಗಳು ಮಲಗಿದ್ದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆಗಳು, ಆಮೇಲೆ ವಾಕರಿಕೆ, ಕಿತ್ತಳೆ ಬಣ್ಣದ ಮೂತ್ರ. ಬೆಡ್ ಪ್ಯಾನ್ ಹಿಡಿದದ್ದು ಅವ್ವ. ಸಣ್ಣಪುಟ್ಟದ್ದಕ್ಕೆಲ್ಲ ಲೋಕವೇ ಮುಳುಗಿತು ಎನ್ನುವವಳು, ಲೋಕ ನಿಜಕ್ಕೂ ಮುಳುಗಿದಾಗ ಸೆರಗು ಸಿಕ್ಕಿಸಿ ಕೆಲಸಕ್ಕೆ ನಿಂತಳು. ಕೆಟ್ಟದ್ದನ್ನು ಅವಳು ಎಷ್ಟು ವರ್ಷದಿಂದ ನಿರೀಕ್ಷಿಸುತ್ತಿದ್ದಳೆಂದರೆ, ಬಂದಾಗ ಅವಳಿಗೆ ಗಾಬರಿಯೇ ಆಗಲಿಲ್ಲ. ರವಿಯದು ಉಲ್ಟಾ. ಓಣಿಯಲ್ಲಿ ಕೇಳಿದವರಿಗೆಲ್ಲ ಡಿಸ್ಕ್ ಪ್ರಾಬ್ಲಂ ಎಂದು ಹೇಳಿಕೊಂಡು ತಿರುಗುತ್ತಿದ್ದರು. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದರು, ಹೊರಗೆ ಬಂದು "ಎಲ್ಲಾ ಸರಿ ಹೋಗುತ್ತೆ ಭಾಗ್ಯ" ಎನ್ನುತ್ತಿದ್ದರು. ನಲ್ಲಿಯ ಸದ್ದಿನಡಿ ನನಗೆಲ್ಲ ಕೇಳುತ್ತಿತ್ತು. ಅವರು ಆ ಸುಳ್ಳು ಧೈರ್ಯ ಬಿಟ್ಟು ನನ್ನ ಪಕ್ಕ ಕೂತು ಅತ್ತಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಕೊನೆಗೆ ಅವ್ವನೇ ಒಂದು ದಿನ ಗೇಟಿನ ಹತ್ತಿರ ನಿಂತು ಓಣಿಗೆಲ್ಲ ಕೇಳುವಂತೆ ಹೇಳಿದಳು.

"ಟಿಬಿ ಕಣ್ರವ್ವಾ, ಬೆನ್ಗೆ. ಕೆಮ್ಮಲ್ಲ, ಅಂಟಲ್ಲ. ನೋಡೋರು ಒಳಕ್ ಬಂದ್ ನೋಡ್ಕಂಡ್ ಓಗಿ. ಕಾಫಿ ಕೊಡ್ತೀನಿ."

ಇಬ್ಬರು ಬಂದರು. ಒಬ್ಬರು ಕಾಫಿ ಕುಡಿದರು, ಇನ್ನೊಬ್ಬರು ಈಗಷ್ಟೇ ಆಯ್ತು ಎಂದರು.

ಎರಡನೇ ತಿಂಗಳು ಚೇತನ್ ಬಂದ. ಕೈಯಲ್ಲಿ ಹಳದಿ ಬಲೂನು, ಅದರ ಮೇಲೆ ನಗುವ ಮುಖ. ಜೊತೆಗೆ ನನ್ನದೇ ಆ ಹಳೆಯ ಪೋಸ್ಟರಿಗೆ ಕಟ್ಟು ಹಾಕಿಸಿ ತಂದಿದ್ದ, ಕಣ್ಣೆದುರು ತೂಗುಹಾಕಬೇಕಂತೆ. ಆ ಹೊತ್ತಿಗೆ ನನ್ನ ಎಡಗಾಲಿನ ಹೆಬ್ಬೆರಳೂ ಅಲ್ಲಾಡುತ್ತಿರಲಿಲ್ಲ.

"ಮೇಡಂ, ದಿನಾ ಬೆಳಿಗ್ಗೆ ಕಣ್ಣು ಮುಚ್ಕೊಂಡು ಓಡ್ತಿರೋ ಹಾಗೆ ವಿಷುವಲೈಸ್ ಮಾಡಿ. ಹತ್ತು ನಿಮಿಷ. ಮಿರಾಕಲ್ ಆಗುತ್ತೆ."

ಅವ್ವ ಕಾಫಿ ಲೋಟ ಅವನ ಕೈಗಿಟ್ಟಳು. "ಕಣ್ ಮುಚ್ಕಂಡ್ ಓಡುದ್ರೆ ಮೋರಿಗ್ ಬೀಳಕಿಲ್ವೇನಪ್ಪಾ?"

ಅವನು ನಕ್ಕ. ಅವ್ವ ನಗಲಿಲ್ಲ. "ದಿನಾ ಬೆಳಿಗ್ಗೆ ನೋಡ್ತಿದ್ದಲ್ಲ ಇವ್ಳನ್ನ. ಇಂಗ್ ಸೊರಗಾದು ನಿನ್ ಕಣ್ಗೆ ಬೀಳ್ನೇ ಇಲ್ವಾ?"

"ಅಮ್ಮಾ, ನಮ್ಮ ಗುಂಪಲ್ಲಿ ನಾವು ನೆಗೆಟಿವ್ ಸೈಡ್ ನೋಡೋದೇ ಇಲ್ಲ" ಎಂದ ಚೇತನ್, ಅದು ಉತ್ತರವೆಂಬಂತೆ. ಆಮೇಲೆ ನನ್ನ ಕಡೆ ತಿರುಗಿ, "ನೋವು ಅನ್ನೋದು ಇರೋದು ಮನಸ್ಸಲ್ಲಿ ಮೇಡಂ. ನಿಮ್ಗೆ ನಾನು ಹೇಳ್ಬೇಕಾ?" ಎಂದ.

ಹೇಳಬೇಕಾಗಿರಲಿಲ್ಲ. ಆ ಮಾತನ್ನು ಅವನು ಕಲಿಯುವುದಕ್ಕೆ ಎಷ್ಟೋ ವರ್ಷ ಮೊದಲಿನಿಂದ ನಾನು ಹೇಳುತ್ತ ಬಂದಿದ್ದೆ. ಪೀಪಿ ಊದಿ, ಸೊಂಟದ ಮೇಲೆ ಕೈಯಿಟ್ಟು, ಹದಿಮೂರು ಹದಿನಾಲ್ಕು ವರ್ಷದ ಹೆಣ್ಣುಮಕ್ಕಳಿಗೆ. ಅವನು ಹೋದ ಮೇಲೆ, ಚಾವಣಿಯ ಫ್ಯಾನು ನೋಡುತ್ತ ಮಲಗಿದವಳಿಗೆ ಅವನ ಮೇಲಿನ ತಿರಸ್ಕಾರವನ್ನು ಪೂರ್ತಿಯಾಗಿ ಅನುಭವಿಸಲೂ ಆಗಲಿಲ್ಲ. ಸಿಂಚನಾ ನೆನಪಾದಳು.

ನನಗೆ ಕಾಯಿಲೆ ಬರುವ ಹಿಂದಿನ ವರ್ಷ ಅವಳು ಒಂಬತ್ತನೇ ಕ್ಲಾಸು. ಎಂಟುನೂರು ಮೀಟರು ಓಡುತ್ತಿದ್ದಳು, ನಮ್ಮ ಶಾಲೆ ಕಂಡ ಅತ್ಯುತ್ತಮ ಓಟಗಾರ್ತಿ. ಜಿಲ್ಲಾ ಮಟ್ಟದ ಸ್ಪರ್ಧೆಗೆ ಹತ್ತು ದಿನ ಇರುವಾಗ ಬಂದು, "ಮಿಸ್, ಮೊಣಕಾಲ ಕೆಳಗೆ ಮೂಳೆ ನೋಯ್ತಿದೆ" ಎಂದಳು. "ನೋವು ಇರೋದು ಮನಸ್ಸಲ್ಲಿ. ಹೋಗು, ಎರಡು ರೌಂಡ್ ಹೊಡಿ" ಎಂದೆ. ಎರಡು ದಿನ ಬಿಟ್ಟು ಮತ್ತೆ ಬಂದಳು. ನೆಪ ಹೇಳುವ ಹುಡುಗಿಯರ ಬಗ್ಗೆ ಎಲ್ಲರೆದುರು ಒಂದು ಸಣ್ಣ ಭಾಷಣ ಮಾಡಿದೆ. ಮೂರನೇ ಸಲ ಬರಲಿಲ್ಲ. ಸ್ಪರ್ಧೆಯ ಫೈನಲ್ಲಿನಲ್ಲಿ ಎರಡನೇ ಸುತ್ತಿಗೆ ಅವಳ ಅದೇ ಮೂಳೆ ಮುರಿಯಿತು. ಅದು ಮೊದಲೇ ಬಿರುಕು ಬಿಟ್ಟಿತ್ತೆಂದು ಡಾಕ್ಟರು ಹೇಳಿದರಂತೆ. ಆಪರೇಷನ್ ಆಯಿತು, ರಾಡ್ ಹಾಕಿದರು, ಅವಳು ಮತ್ತೆ ಮೈದಾನಕ್ಕಿಳಿಯಲಿಲ್ಲ. ನಾನು ಅವಳ ಮನೆಗೆ ಒಂದು ಕಾರ್ಡು ಕಳಿಸಿದೆ. ಚಾಂಪಿಯನ್‌ಗಳು ಮತ್ತೆ ಎದ್ದು ಬರುತ್ತಾರೆ ಎಂದು ಬರೆದು, ಪಕ್ಕದಲ್ಲಿ ಒಂದು ನಗುವ ಮುಖ ಬಿಡಿಸಿದ್ದೆ. ನೋಡಲು ಮಾತ್ರ ಹೋಗಲಿಲ್ಲ.

ಬಲೂನು ಒಂದು ವಾರಕ್ಕೆ ಸುಕ್ಕಾಗಿ ಮಂಚದ ಕೆಳಗೆ ಸೇರಿತು. ಕಾಲು ಬಂದರೆ ಮೊದಲು ಸಿಂಚನಾಳ ಮನೆಗೆ ಹೋಗಬೇಕು ಎಂದುಕೊಂಡೆ. ಇದು ಹರಕೆಯಲ್ಲ, ಆಶಾವಾದವೂ ಅಲ್ಲ. ಬರದೇ ಇದ್ದರೆ ಹೋಗುವುದು ತಪ್ಪುತ್ತದಲ್ಲ ಎಂಬ ಹೇಡಿ ಯೋಚನೆಯೂ ಅದರೊಳಗಿತ್ತು.

ಮೂರನೇ ತಿಂಗಳ ಕೊನೆಯಲ್ಲಿ ಹೆಬ್ಬೆರಳು ಅಲ್ಲಾಡಿತು. ಮೊದಲು ಕಂಡದ್ದು ಅವ್ವ. "ಸುಮ್ಕಿರು, ಒಂದ್ ಬೆರಳ್ ತಾನೆ" ಎಂದು ಗದರಿ, ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಬೆನ್ನಿಗೆ ಪ್ಲಾಸ್ಟಿಕ್ ಕವಚ, ವಾಕರ್, ಗೋಡೆ, ಕೋಲು. ಹೆಲ್ತ್ ಸೆಂಟರಿನಲ್ಲಿ ತಿಂಗಳ ಮಾತ್ರೆ ಕೊಡುತ್ತಿದ್ದ ಸಿಸ್ಟರ್ ಪ್ರತಿ ಸಲ, "ಒಂದೂ ತಪ್ಪಿಸಿಲ್ಲ ತಾನೆ?" ಎಂದಷ್ಟೇ ಕೇಳುತ್ತಿದ್ದಳು. ಒಂದೂ ತಪ್ಪಿಸಲಿಲ್ಲ. ಒಂದೂವರೆ ವರ್ಷ ದಿನಾ ಬೈದುಕೊಂಡೇ ನುಂಗಿದೆ. ಡಾಕ್ಟರಮ್ಮ ಹೇಳಿದಂತೆ ಅವು ಕೆಲಸ ಮಾಡಿದವು. ದಣಿದರೆ ಎಡಪಾದ ಇವತ್ತಿಗೂ ಸ್ವಲ್ಪ ಎಳೆಯುತ್ತದೆ. ಓಡುವುದಿಲ್ಲ, ನಡೆಯುತ್ತೇನೆ.

ಮಾತ್ರೆ ನಿಲ್ಲಿಸಿದ ವಾರ ಚೇತನ್‌ನ ಫೋನು ಬಂತು. ಗುಂಪಿನ ವಾರ್ಷಿಕೋತ್ಸವದಲ್ಲಿ ನಾನು ಹದಿನೈದು ನಿಮಿಷ ಮಾತಾಡಬೇಕಂತೆ, ಆಶಾವಾದದಿಂದ ಟಿಬಿ ಗೆದ್ದದ್ದು ಹೇಗೆ ಎಂದು.

"ನಾನು ಗೆದ್ದದ್ದು ಮಾತ್ರೆಯಿಂದ ಚೇತನ್."

"ಗೊತ್ತು ಮೇಡಂ. ಆದ್ರೆ ಮಾತ್ರೆ ಅಂದ್ರೆ ಆಡಿಯನ್ಸ್‌ಗೆ ಬೋರಾಗುತ್ತೆ."

"ಹಾಗಾದ್ರೆ ನಮ್ಮವ್ವನ್ನ ಕಳಿಸ್ತೀನಿ. ಬೋರಾಗಲ್ಲ" ಎಂದು ಫೋನಿಟ್ಟೆ. ಅಷ್ಟರಮಟ್ಟಿಗೆ ಆ ಅಧ್ಯಾಯ ಮುಗಿಯಿತು.

ಕೋಲು ಬಿಟ್ಟ ಮೇಲೂ ಮುಂದೂಡುತ್ತಲೇ ಬಂದಿದ್ದ ಇನ್ನೊಂದು ಕೆಲಸ ಉಳಿದಿತ್ತು. ಸಿಂಚನಾಳ ಮನೆ ಮತ್ತಿಕೆರೆಯ ಒಂದು ಸಣ್ಣ ಓಣಿಯಲ್ಲಿ, ಎರಡನೇ ಮಹಡಿ. ಕಡಿದಾದ ಮೆಟ್ಟಿಲು, ಮೂವತ್ತನಾಲ್ಕು. ಕಂಬಿ ಹಿಡಿದು, ಎಡಗಾಲನ್ನು ಪ್ರತಿ ಮೆಟ್ಟಿಲಿಗೂ ಕಣ್ಣಿನಿಂದ ನೋಡಿ ಇಡುತ್ತ ಹತ್ತಿದೆ. ಈ ಮೆಟ್ಟಿಲನ್ನು ಅವಳು ದಿನಾ ಆ ಕಾಲಿನಲ್ಲೇ ಹತ್ತಿಳಿಯುತ್ತಾಳೆ ಎಂಬುದು ಅರ್ಧ ದಾರಿಯಲ್ಲಿ ಹೊಳೆದು, ಅಲ್ಲೇ ಕೂತು ಸುಧಾರಿಸಿಕೊಂಡೆ.

ಬಾಗಿಲು ತೆರೆದವಳು ಅವಳೇ. ಎತ್ತರವಾಗಿದ್ದಳು, ಪಿಯುಸಿ ಓದುತ್ತಿದ್ದಳು. ನನ್ನನ್ನು ಕಂಡ ಕೂಡಲೇ ಮುಖದ ತುಂಬ ನಗು. ಓಟ ಶುರುವಾಗುವ ಗೆರೆಯ ಮೇಲೆ ನಿಲ್ಲುವಾಗ ಮುಖದಲ್ಲಿ ಇರಬೇಕೆಂದು ನಾನೇ ಕಲಿಸಿದ್ದ ನಗು.

"ಬನ್ನಿ ಮಿಸ್! ನಿಮ್ಗೆ ಹುಷಾರಿಲ್ಲ ಅಂತ ಕೇಳಿದ್ವಿ. ಅಮ್ಮಾ, ಪಿ.ಟಿ. ಮಿಸ್ ಬಂದಿದಾರೆ!"

ಅವಳ ತಾಯಿ ಒಳಗಿನಿಂದ ಬಂದು, ಸೆರಗಿನಲ್ಲಿ ಕೈ ಒರೆಸಿಕೊಂಡು, ಕೂತ್ಕೊಳಿ ಮೇಡಂ ಎಂದು ಒಲೆಯ ಮೇಲೆ ಟೀ ಇಡಲು ಹೋದರು. ಬೈಯುತ್ತಾರೆ ಎಂದುಕೊಂಡು ಹೋಗಿದ್ದೆ. ಇಬ್ಬರೂ ಮರ್ಯಾದೆ ಕೊಟ್ಟರು, ಅದು ಇನ್ನೂ ಕಷ್ಟವಾಯಿತು.

"ಸಿಂಚನಾ, ಕಾಲು ನೋಯ್ತಿದೆ ಅಂತ ನೀನು ಎರಡು ಸಲ ನನ್ನ ಹತ್ರ ಬಂದು ಹೇಳಿದ್ದೆ. ನಾನು ಕೇಳಲಿಲ್ಲ. ನಿನ್ನ ಕಾಲು ಮುರಿದದ್ದು ನನ್ನಿಂದ. ತಪ್ಪಾಯ್ತು ಕಣಮ್ಮಾ."

"ಅಯ್ಯೋ ಇಲ್ಲ ಮಿಸ್, ಹಾಗೆಲ್ಲ ಏನಿಲ್ಲ. ಅಷ್ಟೊಂದೇನೂ ನೋವಿರ್ಲಿಲ್ಲ" ಎಂದಳು, ಅದೇ ನಗುವಿನಲ್ಲಿ.

ಸುಮ್ಮನೆ ನಂಬಿ ಎದ್ದು ಬರಬಹುದಿತ್ತು. ಅವಳು ಬಿಡುಗಡೆಯನ್ನು ಕೈಗೇ ಇಟ್ಟಿದ್ದಳು. ನಾನು ಹೇಳಿದೆ, "ನನಗೂ ಹಾಗೆ ಹೇಳಿ ಅಭ್ಯಾಸ. ನಾನು ಸುಳ್ಳು ಹೇಳ್ತಿದ್ದೆ."

ಅವಳು ತನ್ನ ಕಾಲು ನೋಡಿಕೊಂಡಳು. ನಗು ಒಂದೇ ಸಲಕ್ಕೆ ಹೋಗಲಿಲ್ಲ, ಮೊದಲು ಕಣ್ಣಿನಿಂದ ಹೋಯಿತು, ಆಮೇಲೆ ಬಾಯಿಂದ.

"ತುಂಬಾ ಇತ್ತು ಮಿಸ್" ಎಂದಳು. "ಶಾಲೆಗೆ ನಡ್ಕೊಂಡು ಬರಕ್ಕೇ ಆಗ್ತಿರ್ಲಿಲ್ಲ. ಬಾತ್‌ರೂಮಲ್ಲಿ ಟವೆಲ್ ಕಚ್ಕೊಂಡು ಅಳ್ತಿದ್ದೆ. ಫೈನಲ್ ದಿನ ಬೆಳಿಗ್ಗೆ ಕಾಲು ಮುರಿದ್ರೆ ಸಾಕು ದೇವ್ರೇ, ಆಗ ಓಡೋ ಹಾಗಿರಲ್ಲ ಅಂತ ಬೇಡ್ಕೊಂಡೆ."

ಪರವಾಗಿಲ್ಲ, ಎಲ್ಲ ಸರಿ ಹೋಗುತ್ತದೆ, ನೀನು ಗಟ್ಟಿ ಹುಡುಗಿ. ಹದಿನಾರು ವರ್ಷದ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದು ನಿಂತವು. ಒಂದನ್ನೂ ಆಡಲಿಲ್ಲ. ಅವಳು ಅಳುತ್ತ ಹೇಳುತ್ತ ಹೋದಳು, ನಾನು ಕೇಳುತ್ತ ಕೂತೆ. ಒಲೆಯ ಮೇಲೆ ಟೀ ಉಕ್ಕಿ ಸೀದ ವಾಸನೆ ಬರುತ್ತಿತ್ತು. ಅವಳಮ್ಮ ಅಡಿಗೆಮನೆಯ ಬಾಗಿಲಲ್ಲಿ ಇಕ್ಕಳ ಹಿಡಿದುಕೊಂಡೇ ನಿಂತುಬಿಟ್ಟಿದ್ದರು, ಅವರೂ ಇದನ್ನೆಲ್ಲ ಮೊದಲ ಸಲ ಕೇಳುತ್ತಿದ್ದರು.